ಗುರುವಾರ ಯಾರ ಮನೆಯದು

ಸುಂಕದಕಟ್ಟೆಯ ಮಕ್ಕಳು ನನ್ನನ್ನು ಮಂಗಳವಾರ ಎಂದು ಕರೆಯುತ್ತಾರೆ. ನನ್ನ ಹಿಟ್ಟಿನ ಮಿಲ್ಲಿನ ಮುಂದೆ ಹಾದುಹೋಗುವಾಗ "ಲೋ, ಮಂಗಳವಾರ ಇವತ್ತು ಸಿಟ್ಟಾಗಿದೆ ಕಣೋ, ಆ ಪಕ್ಕದಿಂದ ಬಾ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ನನ್ನ ಕಿವಿಗೇ ಬೀಳುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಚನ್ನಮಲ್ಲಪ್ಪ. ಬೇರೆ ಯಾರಾದರೂ ಅದನ್ನು ಹೀಗೆ ಬದಲಾಯಿಸಿದ್ದರೆ ಮಿಲ್ಲಿನ ಹಳೇ ಬೆಲ್ಟಿನ ತುಂಡು ಹಿಡಿದು ಬೀದಿಯುದ್ದಕ್ಕೂ ಅಟ್ಟುತ್ತಿದ್ದೆ. ಆದರೆ ಈ ಹೆಸರು ಬಂದದ್ದು ಶಿವಗಂಗಮ್ಮನಿಂದ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೇನೆ.

ಆಕೆಯ ವಿಷಯ ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ. ನನ್ನ ಓದು ನಾಲ್ಕನೇ ಕ್ಲಾಸಿಗೆ ಮುಗಿಯಿತು, ದೊಡ್ಡ ಮಾತು ಬರೆಯಲು ಬರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಶಿವಗಂಗಮ್ಮ ಹಾವೇರಿ ಕಡೆಯವರು. ಗಂಡ ಚನ್ನವೀರಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಮಾತು ಕಡಿಮೆ, ನಗು ಜಾಸ್ತಿ. ಪೇಟೆಯ ಬಾಡಿಗೆ ತಡೆಯಲಾರದೆ ಮಾಗಡಿ ರಸ್ತೆ ಹಿಡಿದು ಬರುತ್ತಾ ಬರುತ್ತಾ, ಪೇಟೆ ಮುಗಿದು ಹೊಲ ಶುರುವಾಗುವ ಕಡೆ ನಮ್ಮ ಸುಂಕದಕಟ್ಟೆ ಸಿಕ್ಕಿತು. ನನ್ನ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಇಳಿದರು. ಮಿಲ್ಲಿನ ಪಕ್ಕಕ್ಕೇ ಸರ್ಕಾರಿ ಪ್ರೈಮರಿ ಶಾಲೆ. ಎರಡು ಕೋಣೆ, ಒಂದು ಹುಣಸೆಮರ, ಒಂದು ತಗಡಿನ ಅಡುಗೆ ಶೆಡ್ಡು. ಅಮೆರಿಕದಿಂದ ಮೂಟೆಗಳಲ್ಲಿ ಗೋಧಿ ನುಚ್ಚು ಬರುತ್ತಿತ್ತು. ಮಕ್ಕಳಿಗೆ ಅದರ ಉಪ್ಪಿಟ್ಟು ಮಾಡಿ ಮಧ್ಯಾಹ್ನ ಬಡಿಸುವ ಕೆಲಸಕ್ಕೆ ಶಿವಗಂಗಮ್ಮ ಸೇರಿಕೊಂಡರು.

ಆ ಶಾಲೆಯ ಮುಕ್ಕಾಲುಪಾಲು ಮಕ್ಕಳು ಹೇರೋಹಳ್ಳಿ ಕಲ್ಲುಕ್ವಾರಿಯ ಗುಡಿಸಲುಗಳಿಂದ ಬರುವವರು. ಅಪ್ಪ ಬಂಡೆ ಸೀಳುವವನು, ಅಮ್ಮ ಜಲ್ಲಿ ಕುಟ್ಟುವವಳು. ಮಕ್ಕಳ ತಲೆಗೂದಲಲ್ಲಿ ಸದಾ ಬಿಳೀ ಧೂಳು, ನನ್ನ ಮೈಮೇಲೆ ಹಿಟ್ಟಿರುವ ಹಾಗೆ. ಮೊದಲನೇ ದಿನ ಶಿವಗಂಗಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಆ ಮಕ್ಕಳಿಗೆ "ಬರ್ರಿ ಸಾಹೇಬ್ರ, ಕುಂದರ್ರಿ" ಅಂದರು. ಮುಂದಿದ್ದವು ತಿರುಗಿ ಹಿಂದೆ ನೋಡಿದವು. ಹಿಂದಿದ್ದವು ಇನ್ನೂ ಹಿಂದೆ ನೋಡಿದವು. ಸಾಹೇಬರು ಯಾರೂ ಕಾಣಲಿಲ್ಲ. ಆಮೇಲೆ ಅಂಬುಜಾ ಅನ್ನುವ ಹುಡುಗಿ ಮೆಲ್ಲಗೆ ಬಂದು ಕೂತಳು. ಅವಳ ಹಿಂದೆ ಎಲ್ಲವೂ ಕೂತವು.

ನನಗೆ ತಡೆಯಲಾಗಲಿಲ್ಲ. "ಏನಕ್ಕಾ ಇದು, ಮೂಗು ಒರೆಸ್ಕೊಳ್ಳೋಕೆ ಬರದ ಪಿಳ್ಳೆಗಳಿಗೆಲ್ಲ ಸಾಹೇಬ್ರು ಅಂತೀರಲ್ಲ. ತಲೆ ಮೇಲೆ ಕೂತ್ಕೋತವೆ" ಅಂದೆ.

"ಉಣ್ಣಾಕ ಕುಂತಾರಲ್ರೀ ಅಣ್ಣಾರ. ಉಣ್ಣಾಕ ಕುಂತವ್ರು ಏಳೂತನ ಸಾಹೇಬ್ರ. ಎದ್ದ ಮ್ಯಾಲೆ ಮೂಗು ಒರಸ್ಕೊಳ್ಳಾಕ ಹೇಳೂಣು."

ಹೇಳುತ್ತಿದ್ದರು ಕೂಡ. ಕಿವಿ ಹಿಂಡಿ ಹೇಳುತ್ತಿದ್ದರು. ಆದರೆ ತಟ್ಟೆಯ ಮುಂದೆ ಒಂದು ದಿನವೂ ಗದರಿದ್ದು ಕಾಣೆ. ಅಂಬುಜಾಳ ಮನೆಮಾತು ತಮಿಳು. ಅವಳು ಕನ್ನಡ ಕಲಿತದ್ದು ಮೇಷ್ಟ್ರಿಂದಲ್ಲ, ಶಿವಗಂಗಮ್ಮನಿಂದ. "ಹೌದ್ರೀ, ಬ್ಯಾಡ್ರೀ" ಅನ್ನುವಳು. ಹೆಡ್‌ಮೇಷ್ಟ್ರು ಏಕಾಂತಯ್ಯನವರು ತಲೆ ಕೆರೆದುಕೊಂಡು "ಇವಳು ಹೇರೋಹಳ್ಳಿಯವಳೋ ಹಾವೇರಿಯವಳೋ" ಅನ್ನುತ್ತಿದ್ದರು.

ಎಪ್ಪತ್ತೇಳರ ದಸರಾ ರಜ ಮುಗಿದು ಶಾಲೆ ತೆರೆಯಿತು. ಮೂಟೆ ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂದರು. ಕೇಳಿದರೆ ಮೇಲಿನಿಂದಲೇ ಇಲ್ಲ ಅಂದರು. ಆ ಮೇಲು ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಏಕಾಂತಯ್ಯನವರು ಅಕ್ಷರಮಾಲೆ ಬರೆಸಿದ್ದರು, ಚಿತ್ರದ ಸಮೇತ. ಊ ಅಂದರೆ ಊಟ, ಒಂದು ತಟ್ಟೆ. ಏ ಅಂದರೆ ಏಣಿ. ತಟ್ಟೆ ಗೋಡೆಯ ಮೇಲೆ ಮಾತ್ರ ಉಳಿಯಿತು. ಮಕ್ಕಳು ಒಬ್ಬೊಬ್ಬರಾಗಿ ಕರಗಿದರು. ಎಲ್ಲಿ ಹೋಗುತ್ತಾರೆ, ಕ್ವಾರಿಗೆ. ಒಂದು ದಿನ ಸೈಕಲ್ಲಿನಲ್ಲಿ ಹೇರೋಹಳ್ಳಿಗೆ ಹೋಗಿದ್ದಾಗ ನೋಡಿದೆ. ಅಂಬುಜಾ ಅಮ್ಮನ ಪಕ್ಕ ಕಾಲು ಚಾಚಿ ಕೂತು ಸಣ್ಣ ಸುತ್ತಿಗೆಯಲ್ಲಿ ಜಲ್ಲಿ ಕುಟ್ಟುತ್ತಿದ್ದಳು. ಕಣ್ಣಿಗೆ ಚೂರು ಸಿಡಿಯಬಾರದೆಂದು ಪ್ರತಿ ಏಟಿಗೂ ಕಣ್ಣು ಮುಚ್ಚುವಳು. ನನ್ನನ್ನು ಕಂಡು "ಅಣ್ಣಾರ, ಉಪ್ಪಿಟ್ಟು ಬಂತ್ರೀ?" ಅಂದಳು. ಸೈಕಲ್ಲು ಹತ್ತಿ ಬಂದುಬಿಟ್ಟೆ.

ಅದನ್ನು ಬಂದು ಶಿವಗಂಗಮ್ಮನಿಗೆ ಹೇಳಿದೆ. ಏಕಾಂತಯ್ಯನವರೂ ಅಲ್ಲೇ ಇದ್ದರು. ಅವರ ಮುಖ ಸಪ್ಪಗಿತ್ತು.

"ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದಿದ್ದರು" ಅಂದರು. "ಬೆಂಚು ಖಾಲಿ ನೋಡಿದರು. ಎಲೆಕ್ಷನ್ ಮುಗಿದ ಮೇಲೆ ಮತ್ತೆ ಬರ್ತೀನಿ, ಆಗಲೂ ಹೀಗೇ ಇದ್ದರೆ ಈ ಶಾಲೆ ಮುಚ್ಚಿ ದೂರದ ಶಾಲೆಗೆ ಸೇರಿಸ್ತೀವಿ ಅಂದರು."

"ಅಷ್ಟು ದೂರ ಈ ಕ್ವಾರಿ ಮಕ್ಕಳು ಹೋಗ್ತಾವಾ ಮೇಷ್ಟ್ರೇ?"

"ಎಲ್ಲಿ ಹೋಗ್ತಾರೆ ಮಲ್ಲಪ್ಪನೋರೇ. ಇಲ್ಲಿಗೇ ಬರ್ತಾ ಇಲ್ಲ."

ನಾನು ಸರ್ಕಾರಕ್ಕೆ, ಸಾಹೇಬರಿಗೆ, ಅಮೆರಿಕಕ್ಕೆ ಎಲ್ಲಕ್ಕೂ ಸೇರಿಸಿ ಬೈದೆ. ಬೈದು ಮುಗಿಸಿದ ಮೇಲೆ ಶಿವಗಂಗಮ್ಮ ತಣ್ಣಗೆ ಒಂದು ಮಾತು ಅಂದರು: "ಹಂಗಾರ ವಾರ ಹಚ್ಚೂಣು."

ಆಮೇಲೆ ಅವರ ಅಪ್ಪನ ಕಥೆ ಹೇಳಿದರು. ಅಪ್ಪ ತಬ್ಬಲಿ. ಹಾವೇರಿಯಲ್ಲಿ ವಾರ ಉಂಡು ಓದಿ ಮೇಷ್ಟ್ರಾದವರು. ವಾರಾನ್ನ ಅಂದರೆ ಹಳಬರಿಗೆಲ್ಲ ಗೊತ್ತು: ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ, ಹೀಗೆ ಗೊತ್ತು ಮಾಡಿಕೊಂಡು ಉಂಡು ಶಾಲೆಗೆ ಹೋಗುವುದು. ಅವರ ಅಪ್ಪ ಭಿಕ್ಷೆ ಅನ್ನುತ್ತಿರಲಿಲ್ಲವಂತೆ, ಹಾಕಿ ಅನ್ನುತ್ತಿರಲಿಲ್ಲವಂತೆ. ಬಾಗಿಲಲ್ಲಿ ನಿಂತು ಆ ದಿನದ ಹೆಸರು ಹೇಳುವುದು, ಅಷ್ಟೇ. "ಬೇಸ್ತವಾರ ಬಂದೀನ್ರೀ." ಗುರುವಾರಕ್ಕೆ ಹಳಬರು ಬೇಸ್ತವಾರ ಅನ್ನುತ್ತಾರೆ. ಒಳಗಿನವರೂ ಹುಡುಗನ ಹೆಸರು ಕೇಳುತ್ತಿರಲಿಲ್ಲ. "ಬೇಸ್ತವಾರ ಬಂದ, ತಾಟು ಇಡ್ರಿ" ಅನ್ನುತ್ತಿದ್ದರು.

"ನಮ್ಮಪ್ಪಗ ಒಂದೊಂದು ಮನ್ಯಾಗ ಒಂದೊಂದು ಹೆಸರಿತ್ರೀ" ಅಂದರು ಶಿವಗಂಗಮ್ಮ. "ಸ್ವಂತ ಹೆಸರು ಸಾಲ್ಯಾಗಷ್ಟ. ಅದೊಂದು ಮುಳ್ಳು ಅವನ ಎದಿಯಾಗ ಉಳೀತು. ಅದಕ್ಕ ನಾವು ತಿರುವಿ ಹಾಕೂಣು. ಹುಡುಗ್ರ ಹೆಸರು ಹುಡುಗ್ರಿಗೇ ಇರಲಿ. ಉಣ್ಣಾಕ ಇಡೋ ಮನೀ ದಿನದ ಹೆಸರು ಹೊರಲಿ. ಮನೀಗೆ ಹುಡುಗ್ರು ಬರೂದು ಬ್ಯಾಡ, ಮನೀನ ಸಾಲಿಗೆ ಬರಲಿ. ಬಂದು ಕೈಯಾರೆ ಬಡಸಲಿ. ಸಾಹೇಬ್ರ ಅನ್ನಲಿ."

ಸೋಮವಾರ ತಮ್ಮದು ಅಂದರು. ನನ್ನ ಕಡೆ ನೋಡಿದರು. ಮಂಗಳವಾರ ನನಗೆ ಅಂಟಿದ್ದು ಹೀಗೆ. ಮೊದಲ ಮಂಗಳವಾರ ರಾಗಿ ಅಂಬಲಿ, ಹುರುಳಿಕಾಳು ಹೊತ್ತುಕೊಂಡು ಹೋದೆ. "ಬನ್ನಿ ಸಾಹೇಬ್ರೇ" ಅನ್ನಲು ನಾಲಿಗೆ ಏಳಲೇ ಇಲ್ಲ. ಶಿವಗಂಗಮ್ಮ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. "ಅಣ್ಣಾರ, ಸಾಹೇಬ್ರು ಅಂತ ಕರದ್ರಾ, ಕೆಮ್ಮಿದ್ರಾ?" ಅಂದರು. ಮಕ್ಕಳು ನಕ್ಕವು. ನನಗೂ ನಗು ಬಂತು. ನಕ್ಕ ಮೇಲೆ ಮಾತು ಸಲೀಸಾಗಿ ಹೊರಟಿತು.

ಬುಧವಾರಕ್ಕೆ ಹೇರೋಹಳ್ಳಿಯ ದೊಡ್ಡಹನುಮಯ್ಯನ ಮನೆಗೆ ಹೋದೆವು. ಜಮೀನಿರುವ ಕುಳ. ಜಗಲಿಯ ಮೇಲೆ ಕೂತಿದ್ದ. ಶಿವಗಂಗಮ್ಮ ಕೈಮುಗಿದು, "ಗೌಡ್ರ, ನಿಮ್ಮದೊಂದು ವಾರ ಕೊಡ್ರಿ ಅಂತ ಕೇಳಾಕ ಬಂದೀವ್ರೀ" ಅಂದರು.

ಆತನ ಮುಖ ಇಟ್ಟಿಗೆ ಥರ ಕೆಂಪಾಯಿತು. "ವಾರಕ್ಕಾ? ವಾರಕ್ ಕೊಟ್ಟೇ ಅಲ್ವೇನವ್ವಾ ನಂಗೆ ಈ ಗತಿ ಬಂದಿದ್ದು. ಕೆರೆ ಕೆಳಗ್ಲ ಗದ್ದೆ ವಾರಕ್ ಕೊಟ್ಟೆ, ಉಳೋನೇ ಒಡೆಯ ಅಂದ್ಬುಟ್ರು, ಗದ್ದೆ ಹೋಯ್ತು. ಈಗ ನೀನ್ ಬಂದಿದ್ದೀಯ. ಇರೋದು ಒಂದು ತೆಂಗಿನ್ ತೋಟ. ಏಳು ಮೇಲೆ."

ನಮ್ಮ ಕಡೆ ಹೊಲವನ್ನು ಪಾಲಿಗೆ ಕೊಡುವುದಕ್ಕೂ ವಾರಕ್ಕೆ ಕೊಡುವುದು ಅಂತಲೇ ಅನ್ನುತ್ತಾರೆ. ಭೂಸುಧಾರಣೆಯ ಕಾನೂನು ಬಂದ ಮೇಲೆ ಆ ಮಾತು ಕೇಳಿದರೆ ಜಮೀನಿರುವವರಿಗೆ ಚೇಳು ಕಡಿದ ಹಾಗೆ ಆಗುತ್ತಿತ್ತು. ನನಗೆ ನಗು ತಡೆಯಲಾರದೆ ಕಂಬ ಹಿಡಿದುಕೊಂಡೆ. "ಲೋ ಹನುಮಯ್ಯ, ಗದ್ದೆ ಅಲ್ಲ ಕಣೋ, ಊಟದ ವಾರ. ವಾರಾನ್ನ. ಬುಧವಾರ ಶಾಲೆ ಮಕ್ಕಳಿಗೆ ಮುದ್ದೆ ಹಾಕ್ತೀಯಾ ಅಂತ ಕೇಳ್ತಾ ಇದಾರೆ."

ಆತ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟ. "ಊಟದ್ದಾ? ಅದ್ಕೇನವ್ವ, ತಕ್ಕೋ ಬುಧವಾರ. ಸೊಪ್ಪಿನ್ ಸಾರು, ಮುದ್ದೆ. ನಾನ್ ಎಂಗೋ ಎದ್ರಿಬುಟ್ಟೆ." ತೋಟ ಉಳಿದ ಸಂತೋಷಕ್ಕೆ ಆತ ಕೊಟ್ಟ ಬುಧವಾರ ಇವತ್ತಿಗೂ ತಪ್ಪಿಲ್ಲ.

ಗುರುವಾರ, ಶುಕ್ರವಾರ ಉಳಿದವು. ಶನಿವಾರ ಬೆಳಗಿನ ಶಾಲೆ, ಮಕ್ಕಳು ಊಟದ ಹೊತ್ತಿಗೆ ಮನೆಗೆ ಹೋಗುತ್ತವೆ. ಊಟವಿದ್ದ ದಿನಗಳಲ್ಲಿ ಬೆಂಚು ತುಂಬತೊಡಗಿದವು. ಅಂಬುಜಾ ಸುತ್ತಿಗೆ ಬಿಟ್ಟು ಬಂದಳು. ಆದರೆ ಬುಧವಾರ ಉಂಡ ಮಗು ಗುರುವಾರ ಕ್ವಾರಿಗೆ ಹೋಗಿ ಕೂರುತ್ತಿತ್ತು. ಹೋದದ್ದು ಒಮ್ಮೊಮ್ಮೆ ಸೋಮವಾರವೂ ಬರುತ್ತಿರಲಿಲ್ಲ. "ವಾರ ಅಂದ್ರ ಸರಪಳಿ ಇದ್ದಂಗ್ರೀ" ಅನ್ನುತ್ತಿದ್ದರು ಶಿವಗಂಗಮ್ಮ. "ಒಂದು ಕೊಂಡಿ ಇಲ್ಲಾಂದ್ರ ಎಲ್ಲಾ ಬಿದ್ದು ಹೋಕ್ಕೈತಿ." ಗುರುವಾರಕ್ಕಾಗಿ ಹೆಗ್ಗನಹಳ್ಳಿ, ಬಸವೇಶ್ವರನಗರ ಎಲ್ಲ ಅಲೆದರು. ಕ್ವಾರಿ ಮಕ್ಕಳು ಅಂದ ಕೂಡಲೇ ಬಾಗಿಲು ಅರ್ಧ ಮುಚ್ಚುತ್ತಿತ್ತು.

ಅಷ್ಟರಲ್ಲಿ ಎಪ್ಪತ್ತೆಂಟರ ಚುನಾವಣೆ ಬಂತು. ನಮ್ಮ ಬೀದಿಯಲ್ಲಿ ಜೋರಾಗಿ ಓಡಾಡಿದ್ದು ಎರಡೇ ಗುರುತು, ಏಣಿ ಮತ್ತು ಹೂಜಿ. ಎರಡೂ ಕಡೆಯವರಿಗೆ ಜೈ ಅನ್ನಲು ಮಕ್ಕಳು ಬೇಕು. ಬೆಳಗ್ಗೆ ಏಣಿಯ ಜೀಪು ಬಂದು ತುಂಬಿಕೊಂಡು ಹೋಗಿ ಬನ್ನು ಕೊಡುತ್ತಿತ್ತು, ಸಂಜೆ ಹೂಜಿಯ ಜೀಪು ಬಂದು ಅದೇ ಮಕ್ಕಳಿಗೆ ಕಡ್ಲೆಪುರಿ ಕೊಡುತ್ತಿತ್ತು. ಮಕ್ಕಳಿಗೆ ಏನು, ಜೈ ಅಂದರೆ ಬನ್ನು. ಎರಡೂ ಕಡೆಯ ಮೈಕಿನಲ್ಲಿ ಬಡಮಕ್ಕಳ ಹಸಿವು, ಬಡಮಕ್ಕಳ ಓದು. ಆ ಬಡಮಕ್ಕಳು ಶಾಲೆ ಬಿಟ್ಟು ಅದೇ ಮೈಕಿನ ಹಿಂದೆ ಬಾವುಟ ಹಿಡಿದು ಓಡುತ್ತಿದ್ದವು. ಇದರ ಮಧ್ಯೆ ಹೂಜಿಯವರು ದೂರು ಕೊಟ್ಟರು, ಸರ್ಕಾರಿ ಶಾಲೆಯ ಗೋಡೆಯ ಮೇಲೆ ಏಣಿ ಇದೆ ಅಂತ. ಯಾರೋ ಅಧಿಕಾರಿ ಬಂದು ಅಕ್ಷರಮಾಲೆಯ ಏಣಿಗೆ ಸುಣ್ಣ ಬಳಿಸಿ ಹೋದರು. ಏ ಒಂದೇ ಉಳಿಯಿತು. ಏಕಾಂತಯ್ಯನವರು ಕಣ್ಣೀರು ಹಾಕುವುದೊಂದು ಬಾಕಿ. "ಬಿಡಿ ಮೇಷ್ಟ್ರೇ, ಏ ಅಂದರೆ ಏಕಾಂತಯ್ಯ ಅಂತ ಹೇಳಿಕೊಡಿ" ಅಂದೆ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಏಣಿ ಗುರುತಿನವರು ರಾಜಾಜಿನಗರದ ವಕೀಲ ಲಕ್ಷ್ಮೀಪತಿ. ಒಂದು ಬೆಳಗ್ಗೆ ಮಿಲ್ಲಿನ ಮುಂದೆ ಜೀಪು ನಿಲ್ಲಿಸಿ ಇಳಿದರು. ಜೊತೆಯಲ್ಲಿ ಅವರ ಬಂಟ ನಾಗರಾಜು. ಕ್ವಾರಿಯ ಹೆಂಗಸರು ಶಿವಗಂಗಮ್ಮನ ಮಾತು ಕೇಳುತ್ತಾರೆ ಅಂತ ಯಾರೋ ಹೇಳಿರಬೇಕು. ಲಕ್ಷ್ಮೀಪತಿ ನೇರ ಆಕೆಯ ಮುಂದೆ ನಿಂತು, "ತಾಯಿ, ಏನು ಬೇಕು ಕೇಳಿ. ರಸ್ತೆಯಾ, ಬೋರ್‌ವೆಲ್ಲಾ?" ಅಂದರು.

"ನಮಗೊಂದು ವಾರ ಬೇಕಾಗಿತ್ರೀ ಸಾಹೇಬ್ರ. ಬೇಸ್ತವಾರ ಖಾಲಿ ಐತಿ."

ಲಕ್ಷ್ಮೀಪತಿ ನಾಗರಾಜುವಿನ ಮುಖ ನೋಡಿದರು. ಅವನು ಕಿವಿಯಲ್ಲಿ, "ಸಂತೆ ಸಾರ್. ವಾರದ ಸಂತೆ ಕೇಳ್ತಾ ಇದಾರೆ" ಅಂದ. ಅವನಿಗೆ ಹಾಗೆ ಅನ್ನಿಸಿದ್ದು ತಪ್ಪಲ್ಲ. ನಮ್ಮೂರಿಗೆ ಒಂದು ಸಂತೆ ಬೇಕು ಅಂತ ಬಹಳ ವರ್ಷದಿಂದ ಕೂಗಿತ್ತು. ಆ ಮಾತು ನನಗೆ ಕೇಳಿಸಿತು, ಮಿಲ್ಲಿನ ಸದ್ದಿನಲ್ಲಿ ಶಿವಗಂಗಮ್ಮನಿಗೆ ಕೇಳಿಸಲಿಲ್ಲ. ನಾನು ಬಾಯಿ ಹಾಕುವ ಮೊದಲೇ ಜೀಪು ಹೊರಟುಹೋಗಿತ್ತು. ಶಿವಗಂಗಮ್ಮನಿಗೆ ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಅವತ್ತು ಸಂಜೆ ಹುಣಸೆಮರದ ಕೆಳಗೆ ಅವರ ಸಭೆ. ಲಕ್ಷ್ಮೀಪತಿಗೆ ಒಳ್ಳೆಯ ಗಂಟಲು. "ಈ ಊರಿನ ತಾಯಿ ಒಬ್ಬರು ತನಗಾಗಿ ಏನೂ ಕೇಳಲಿಲ್ಲ" ಅಂದರು ಮೈಕಿನಲ್ಲಿ. "ಊರಿಗಾಗಿ ಒಂದು ವಾರ ಕೇಳಿದರು. ನಾನು ಗೆಲ್ಲಲಿ, ಸೋಲಲಿ, ಗುರುವಾರ ನನ್ನದು. ಇದು ವಕೀಲ ಲಕ್ಷ್ಮೀಪತಿಯ ಮಾತು."

ಚಪ್ಪಾಳೆ ಬಿತ್ತು. ಶಿವಗಂಗಮ್ಮ ಹೆಂಗಸರ ನಡುವಿನಿಂದ ಎದ್ದು ನಿಂತರು. ಆಕೆಯ ಕಣ್ಣಲ್ಲಿ ನೀರು. "ಗೆದ್ರೂ ಸೋತ್ರೂ ಅಂದ್ರಿ. ಶರಣ್ರೀ" ಅಂದರು. ಮಕ್ಕಳ ಕಡೆ ತಿರುಗಿದರು. "ಕೇಳಿದ್ರಿಲ್ಲೋ ಸಾಹೇಬ್ರ? ಬೇಸ್ತವಾರದ ಊಟ ವಕೀಲ್ರ ಮನೀದು."

"ಕೇಳಿದ್ವ್ರೀ" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದವು. ವೇದಿಕೆಯ ಮೇಲೆ ಲಕ್ಷ್ಮೀಪತಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಜನ ಏಣಿಗೆ ಜೈ ಅಂದರು. ಅಷ್ಟು ಜನರ ಮುಂದೆ ಇಲ್ಲ ಅದು ಸಂತೆ ಅನ್ನಲು ಅವರಿಂದಾಗಲಿಲ್ಲ. ಸುದ್ದಿ ಮುಟ್ಟಿದ್ದೇ ತಡ, ಮಾರನೇ ದಿನ ಹೂಜಿಯವರು ಓಡಿಬಂದು ಶುಕ್ರವಾರ ನಮ್ಮದು ಅಂದರು.

ಜನ ಚದುರಿದ ಮೇಲೆ ನಾನು ಶಿವಗಂಗಮ್ಮನಿಗೆ ನಿಜ ಹೇಳಿದೆ. "ಅಕ್ಕಾ, ಆತ ಹೇಳಿದ್ದು ಸಂತೆ. ಊಟ ಅಲ್ಲ."

ಆಕೆಯ ಮುಖ ಸಣ್ಣದಾಯಿತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆಮೇಲೆ ಅಂದರು: "ಹುಡುಗ್ರು ಊಟ ಅಂತ ಕೇಳ್ಯಾರಲ್ರೀ ಅಣ್ಣಾರ. ಮಾತು ಬಾಯಿಂದ ಬಿದ್ದ ಮ್ಯಾಲೆ ಅದು ಕೇಳಿದವ್ರದು."

ಚುನಾವಣೆ ಮುಗಿಯಿತು. ಹೂಜಿ ಗೆದ್ದಿತು, ಏಣಿ ಸೋತಿತು. ಬನ್ನು ನಿಂತಿತು, ಜೀಪು ನಿಂತಿತು. ಸಾಹೇಬರು ತಪಾಸಣೆಗೆ ಯಾವ ದಿನ ಬೇಕಾದರೂ ಬರಬಹುದಿತ್ತು. ಬುಧವಾರ ದೊಡ್ಡಹನುಮಯ್ಯನ ಮುದ್ದೆ ಬಡಿಸುತ್ತಿದ್ದಾಗ ಶಿವಗಂಗಮ್ಮ ಮಕ್ಕಳಿಗೆಲ್ಲ ಹೇಳಿದರು, ನಾಳೆ ತಟ್ಟೆ ತೊಳೆದುಕೊಂಡು ಬನ್ನಿ, ನಾಳೆ ವಕೀಲರ ದಿನ ಅಂತ. ಗುರುವಾರ ಮಕ್ಕಳು ಬಂದವು. ಬೆಳಗಿನಿಂದ ಹೆಂಚಿನ ಮೇಲಿನ ಕಾಗೆ ಥರ ರಸ್ತೆಯನ್ನೇ ನೋಡುತ್ತಾ ಕೂತವು. ಜೀಪು ಬರಲಿಲ್ಲ. ಶೆಡ್ಡಿನ ಒಲೆ ತಣ್ಣಗಿತ್ತು. ನನಗೆ ರೇಗಿಹೋಯಿತು. ಒಂದು ಚೀಲ ರಾಗಿಹಿಟ್ಟು ಹೊತ್ತುಕೊಂಡು ಹೋಗಿ ಧೊಪ್ಪನೆ ಹಾಕಿದೆ.

"ಹಚ್ಚಿ ಒಲೆ. ಆ ವಕೀಲನ್ನ ನಂಬಿ ಮಕ್ಕಳನ್ನ ಉಪವಾಸ ಕೆಡವ್ತೀರಾ?"

"ಬ್ಯಾಡ್ರೀ."

"ಬ್ಯಾಡ್ರೀ ಅಂದ್ರೆ? ನಿಮ್ಮ ಹಟಕ್ಕೆ ಈ ಪಿಳ್ಳೆಗಳು ಬಲಿಯಾ?"

"ಇವತ್ತು ನಾವು ಒಲಿ ಹಚ್ಚಿದ್ರ ಬೇಸ್ತವಾರ ಸತ್ತು ಹೋಕ್ಕೈತ್ರೀ. ಆಮ್ಯಾಲೆ ಎಂದೂ ಹುಟ್ಟೂದಿಲ್ಲ. ವಾರದ ಮನಿಯವ್ರು ಮರತ್ರ ನಮ್ಮಪ್ಪ ಬ್ಯಾರೆ ಮನೀಗೆ ಹೋಗತಿದ್ದಿಲ್ಲ. ಅದ ಮನೀ ಬಾಗಲಾಗ ಹೋಗಿ ನಿಂದರತಿದ್ದ." ಚೀಲವನ್ನು ಪಕ್ಕಕ್ಕೆ ಸರಿಸಿ ಮಕ್ಕಳ ಮುಂದೆ ನಿಂತರು. "ಏಳ್ರಿ ಸಾಹೇಬ್ರ. ದಾರ್ಯಾಗ ಯಾರನ್ನೂ ಏನೂ ಬೇಡಬ್ಯಾಡ್ರಿ. ಕೂಗಬ್ಯಾಡ್ರಿ. ತಾಟು ಎದಿಗೆ ಹಿಡ್ಕೊಂಡು ನಡೀರಿ."

ಏಕಾಂತಯ್ಯನವರು ತಡೆಯುತ್ತಾರೆ ಅಂದುಕೊಂಡೆ. ಅವರು ಚಪ್ಪಲಿ ಮೆಟ್ಟಿಕೊಂಡು ಸಾಲಿನ ಹಿಂದೆ ನಿಂತರು. ನಾನು ಬೈಯುತ್ತಲೇ ಮಿಲ್ಲಿಗೆ ಬೀಗ ಹಾಕಿ, ತೀರಾ ಸಣ್ಣವನ್ನು ಸೈಕಲ್ಲಿನ ಮೇಲೆ ಕೂರಿಸಿ ತಳ್ಳಿಕೊಂಡು ಹೊರಟೆ.

ಆ ನಡಿಗೆ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಕೆಲವೇ ದಿನದ ಹಿಂದೆ ಇದೇ ಮಾಗಡಿ ರಸ್ತೆಯಲ್ಲಿ ಇದೇ ಮಕ್ಕಳು ಗಂಟಲು ಹರಿಯುವಂತೆ ಜೈ ಅಂದುಕೊಂಡು ಹೋಗಿದ್ದವು, ಯಾರೂ ತಲೆ ಎತ್ತಿ ನೋಡಿರಲಿಲ್ಲ. ಈಗ ಸದ್ದಿಲ್ಲ. ಬರಿಗಾಲು, ಎದೆಗೆ ತಟ್ಟೆ, ತಟ್ಟೆಯ ಮೇಲೆ ಬಿಸಿಲು. ದೂರದಿಂದ ನೋಡಿದರೆ ರಸ್ತೆಯಲ್ಲಿ ಸಣ್ಣ ಸಣ್ಣ ಕನ್ನಡಿ ನಡೆದುಬರುತ್ತಿರುವ ಹಾಗೆ. ಕಲ್ಲು ತುಂಬಿದ ಲಾರಿಯವನು ಹಾರ್ನಿಗೆ ಕೈ ಹಾಕಿದವನು ತೆಗೆದು, ಹಿಂದೆಯೇ ನಿಧಾನಕ್ಕೆ ಬಂದ. ಕಾಮಾಕ್ಷಿಪಾಳ್ಯದ ಹೋಟೆಲಿನಲ್ಲಿ ಕೂತವರು ಲೋಟ ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಯಾರೋ "ಯಾವ ಪಕ್ಷದ್ದು?" ಅಂತ ಕೇಳಿದರು. ಸಾಲು ನಿಲ್ಲದೆ ನಡೆಯಿತು. ನಾನು ಬಾಯಿ ತೆರೆದರೆ ಬೈಗುಳ ಬಿಟ್ಟು ಬೇರೆ ಬಾರದವನು, ಅವತ್ತು ನನಗೂ ಮಾತು ಹೊರಡಲಿಲ್ಲ. ಆ ಸಾಲಿನ ಮುಂದೆ ಶಿವಗಂಗಮ್ಮನ ಬೆನ್ನು. ಮಾಸಿದ ಇಳಕಲ್ ಸೀರೆ. ಇಷ್ಟು ದೊಡ್ಡ ರಸ್ತೆಯನ್ನು ಸುಮ್ಮನಾಗಿಸುವ ಶಕ್ತಿ ಆ ಬೆನ್ನಿನಲ್ಲಿ ಎಲ್ಲಿತ್ತು ಅಂತ ನೋಡುತ್ತಾ ನಡೆದೆ.

ಲಕ್ಷ್ಮೀಪತಿಯವರ ಮನೆಯ ಗೇಟು ಹಾಕಿತ್ತು. ಒಳಗೆ ಜೀಪು ನಿಂತಿತ್ತು, ಬಾನೆಟ್ಟಿನ ಮೇಲಿನ ಏಣಿ ಇನ್ನೂ ಅಳಿಸಿರಲಿಲ್ಲ. ನಾಗರಾಜು ಬಂದು ನೋಡಿದ. "ಏಯ್, ಎಲೆಕ್ಷನ್ ಮುಗೀತು ಹೋಗ್ರೋ. ಬನ್ನು ಇಲ್ಲ" ಅಂದ. ಸೈಕಲ್ಲು ಏಕಾಂತಯ್ಯನವರ ಕೈಗೆ ಕೊಟ್ಟು ತೋಳು ಮಡಿಸಿದೆ. ಶಿವಗಂಗಮ್ಮ ತಿರುಗಿ ನನ್ನನ್ನು ನೋಡಿದರು, ಅಷ್ಟೇ. ಕೈ ಇಳಿಯಿತು. ಆಕೆ ಅಂಬುಜಾಳ ಬೆನ್ನ ಮೇಲೆ ಕೈಯಿಟ್ಟರು. ಅಂಬುಜಾ ಗೇಟಿನ ಹತ್ತಿರ ಹೋಗಿ, ದಾರಿಯುದ್ದಕ್ಕೂ ಕಾದಿಟ್ಟುಕೊಂಡಿದ್ದ ದನಿಯಲ್ಲಿ ಕರೆದಳು:

"ಯವ್ವಾ, ಬೇಸ್ತವಾರ ಬಂದೈತ್ರೀ."

ಒಳಗೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಒಬ್ಬ ಮುದುಕಿ ಬಂದರು. ಲಕ್ಷ್ಮೀಪತಿಯ ತಾಯಿ ಅನಂತಲಕ್ಷ್ಮಿಯವರು. ಮಡಿ ಸೀರೆ, ಕೈಯಲ್ಲಿ ಸೌಟು. "ಯಾರದು ಬೇಸ್ತವಾರ ಬಂದಿದೆ ಅಂದದ್ದು?" ಅಂದರು. "ಈ ಮಾತು ಕೇಳಿ ಎಷ್ಟು ಕಾಲ ಆಯ್ತು. ನಮ್ಮತ್ತೆ ಮನೇಲಿ, ತುಮಕೂರಲ್ಲಿ, ಬಾಗಿಲಲ್ಲಿ ನಿಂತು ಹೀಗೇ ಕರೀತಿದ್ದರು ವಾರದ ಹುಡುಗರು." ಗೇಟಿನವರೆಗೂ ಬಂದರು. ಸಾಲನ್ನು ನೋಡಿದರು, ಧೂಳು ತಲೆಗಳನ್ನು, ಹರಿದ ಚಡ್ಡಿಗಳನ್ನು. "ಯಾವ ಜನಮ್ಮ ಇವರು?" ಎಂದು ಮೆಲ್ಲಗೆ ಕೇಳಿದರು.

ಅದೇ ಕ್ಷಣ ಎಲ್ಲ ಮುಗಿಯಿತು ಅಂದುಕೊಂಡೆ. ಅಂಬುಜಾಳಿಗೆ ಆ ಪ್ರಶ್ನೆಯ ಒಳಗು ಎಲ್ಲಿ ತಿಳಿಯಬೇಕು. "ನಾವು ಸಾಲೀ ಜನಾರೀ" ಅಂದಳು.

"ಸಾಲಿ ಅಂದರೆ?"

"ಶಾಲೆ ತಾಯಿ. ಶಾಲೆ ಮಕ್ಕಳು" ಅಂದರು ಏಕಾಂತಯ್ಯನವರು ಹಿಂದಿನಿಂದ.

ಅನಂತಲಕ್ಷ್ಮಿಯವರು ಕೈಯಲ್ಲಿದ್ದ ಸೌಟನ್ನೇ ನೋಡುತ್ತಾ ನಿಂತರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಅಂದರು: "ನಮ್ಮತ್ತೆ ಹೇಳ್ತಿದ್ದರು. ವಾರದವರು ಬಂದರೆ ಒಂದೇ ಮಾತು ಆಡಬೇಕು, ಕೈಕಾಲು ತೊಳ್ಕೊಳ್ಳಿ ಅಂತ. ಬೇರೆ ಏನೂ ಕೇಳಬಾರದು. ನಾನು ಕೇಳಿಬಿಟ್ಟೆ." ಅವರೇ ಗೇಟಿನ ಚಿಲಕ ತೆಗೆದರು. "ಕೈಕಾಲು ತೊಳ್ಕೊಳ್ಳಿ ಮಕ್ಕಳೇ. ನಾಗರಾಜು, ನೀರು ಸೇದು."

ಸದ್ದಿಗೆ ಲಕ್ಷ್ಮೀಪತಿ ಹೊರಗೆ ಬಂದರು. ಗಡ್ಡ ಬಿಟ್ಟಿದ್ದರು, ಸೋತ ಮುಖ. ಮಕ್ಕಳು ತಟ್ಟೆ ಹಿಡಿದು ತುಳಸಿಕಟ್ಟೆಯ ಸುತ್ತ ಕೂರುವುದನ್ನು ನೋಡಿ, "ಅಮ್ಮ, ನಾನು ಹೇಳಿದ್ದು ಸಂತೆ" ಅಂದರು.

"ಮೈಕಿನಲ್ಲಿ ಗುರುವಾರ ನನ್ನದು ಅಂದೆಯಂತೆ. ಗೆದ್ದರೂ ಸೋತರೂ ಅಂದೆಯಂತೆ. ನಾಗರಾಜು ಆವತ್ತೇ ಬಂದು ಹೇಳಿ ನಗಾಡಿದ" ಅಂದರು ತಾಯಿ. "ನಿಮ್ಮ ತಾತನೂ ವಕೀಲರೇ. ಆಡಿದ ಮಾತಿಗೆ ಇನ್ನೊಂದು ಅರ್ಥ ಇದೆ ಅಂತ ಕೋರ್ಟಿನಲ್ಲಿ ಹೇಳ್ತಿದ್ದರು, ಮನೆ ಬಾಗಿಲಲ್ಲಿ ಹೇಳ್ತಿರಲಿಲ್ಲ. ಬಾ, ಅವಲಕ್ಕಿ ಡಬ್ಬ ಇಳಿಸು."

ಮನೆಗೆ ಮಾಡಿದ್ದ ಅನ್ನ ಸಾರು ಎಲ್ಲಿ ಸಾಲಬೇಕು. ಮೊಸರಿನಲ್ಲಿ ಅವಲಕ್ಕಿ ಕಲಸಿದರು, ಬೆಲ್ಲ ಕುಟ್ಟಿದರು. ಅನಂತಲಕ್ಷ್ಮಿಯವರು ಸೊಂಟ ಬಗ್ಗಿಸಿ ಒಂದೊಂದು ತಟ್ಟೆಗೂ ತಾವೇ ಬಡಿಸಿದರು. ಶಿವಗಂಗಮ್ಮ ಪಕ್ಕದಲ್ಲಿ ನಡೆಯುತ್ತಾ ಕಿವಿಯಲ್ಲಿ ಏನೋ ಹೇಳಿದರು. ಮುದುಕಿ ನಕ್ಕು, "ಉಣ್ಣಿ ಸಾಹೇಬ್ರೇ" ಅಂದರು. ಲಕ್ಷ್ಮೀಪತಿ ಬೆಲ್ಲದ ಬಟ್ಟಲು ಹಿಡಿದುಕೊಂಡು ನಿಂತಿದ್ದರು. ಅಂಬುಜಾ ತಲೆ ಎತ್ತಿ, "ನೀವ ಏನ್ರೀ ಬೇಸ್ತವಾರ?" ಅಂತ ಕೇಳಿದಳು. ಅವರು ಅವಳ ತಟ್ಟೆಗೆ ಒಂದು ತುಂಡು ಬೆಲ್ಲ ಹಾಕಿ, "ಹೂಂ ಕಣಮ್ಮ. ನಾನೇ" ಅಂದರು.

ನಾನು ಗೇಟಿನ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಶಿವಗಂಗಮ್ಮ ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಮಕ್ಕಳೆಲ್ಲ ಎದ್ದ ಮೇಲೆ ಮೆಟ್ಟಿಲ ಮೇಲೆ ಕೂತರು. ಕೂತ ಮೇಲೆ ಒಂದು ಚೊಂಬು ನೀರು ಕೇಳಿ ಕುಡಿದರು.

ಮುಂದಿನ ಗುರುವಾರ ನಾವು ನಡೆಯಬೇಕಾಗಲಿಲ್ಲ. ಏಣಿ ಗುರುತಿನ ಅದೇ ಜೀಪು ಶಾಲೆಯ ಮುಂದೆ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಅನಂತಲಕ್ಷ್ಮಿಯವರು, ತೊಡೆಯ ಮೇಲೆ ಬಟ್ಟೆ ಸುತ್ತಿದ ದೊಡ್ಡ ಪಾತ್ರೆ. ಸಾಹೇಬರು ತಪಾಸಣೆಗೆ ಬಂದದ್ದೂ ಒಂದು ಗುರುವಾರವೇ. ಬೆಂಚು ಸಾಲದೆ ಮಕ್ಕಳು ನೆಲದ ಮೇಲೆ ಕೂತಿದ್ದವು. ಶಾಲೆ ಮುಚ್ಚುವ ಮಾತು ಅವತ್ತಿಗೆ ಮುಗಿಯಿತು.

ಗೆದ್ದ ಹೂಜಿಯ ಶುಕ್ರವಾರ ಬರಲೇ ಇಲ್ಲ. ಮತ್ತೆ ತಟ್ಟೆ ಹಿಡಿದು ಹೊರಡೋಣ ಅಂತ ನಾನು ಸೈಕಲ್ಲಿಗೆ ಗಾಳಿ ತುಂಬುತ್ತಿದ್ದೆ. ಅಷ್ಟರಲ್ಲಿ ಕ್ವಾರಿಯ ಹೆಂಗಸರು ತಲೆಯ ಮೇಲೆ ಮಡಕೆ ಹೊತ್ತು ಬಂದರು. ಮುಂದೆ ಅಂಬುಜಾಳ ಅಮ್ಮ. "ಒಂದು ದಿನ ನಮ್ಮದೂ ಇರಲಿ ಅಕ್ಕಾ" ಅಂದಳು. ಮಡಕೆಯಲ್ಲಿ ತೆಳ್ಳನೆ ಗಂಜಿ, ಉಪ್ಪಿನಕಾಯಿ. ಶಿವಗಂಗಮ್ಮ ಆ ಹೆಂಗಸರಿಗೆ ಕೈಮುಗಿದು, "ಬರ್ರಿ ಶುಕ್ರವಾರ" ಅಂದರು. ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾವ ಮಂತ್ರಿಗೆ ಕೊಟ್ಟದ್ದೂ ನಾನು ನೋಡಿಲ್ಲ.

ಈಗ ವರ್ಷದ ಮೇಲಾಯಿತು. ಮೂಟೆ ಬರುತ್ತದೆ ಅಂತ ಇನ್ನೂ ಹೇಳುತ್ತಿದ್ದಾರೆ. ಏಕಾಂತಯ್ಯನವರು ಗೋಡೆಯ ಸುಣ್ಣ ಕೆರೆಸಿ ಏಣಿಯ ಚಿತ್ರ ಮತ್ತೆ ಬರೆಸಿದರು. ಹೋದ ವಾರ ಒಂದನೇ ಕ್ಲಾಸಿನ ಮಕ್ಕಳನ್ನು ಗೋಡೆಯ ಮುಂದೆ ಕೂರಿಸಿಕೊಂಡು, ಕೋಲಿನಿಂದ ಏಣಿಯನ್ನು ಮುಟ್ಟಿ, "ಏ... ಇದೇನು ಹೇಳಿ?" ಅಂದರು.

"ಬೇಸ್ತವಾರ" ಅಂದವು ಮಕ್ಕಳೆಲ್ಲ.

"ಅಯ್ಯೋ, ಸರಿಯಾಗಿ ನೋಡ್ರೋ. ಏ..."

"ಬೇಸ್ತವಾರದಜ್ಜೀ ಜೀಪು ಸಾರ್."

ನಾನು ಮಿಲ್ಲಿನ ಮೋಟಾರು ನಿಲ್ಲಿಸಿ ಕೇಳುತ್ತಾ ನಿಂತೆ. ತಗಡಿನ ಶೆಡ್ಡಿನ ಒಳಗೆ ಶಿವಗಂಗಮ್ಮ ನಗುತ್ತಿದ್ದರು.